1973ರ ಎಂಜಿಬಿ ರೋಡ್‌ಸ್ಟರ್: ಕೊಳ್ಳುವ ಮುಂಚೆ ಎಲ್ಲೆಲ್ಲಿ ನೋಡಬೇಕು, ಆರು ವರ್ಷ ನಿಂತ ಗಾಡಿ ಎಬ್ಬಿಸುವುದು ಹೇಗೆ?

ಪ್ರಶ್ನೆ: ತಂತಿಚಕ್ರ

ಎಲ್ಲರಿಗೂ ನಮಸ್ಕಾರ. 1973ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು) ಒಂದು ಮಾರಾಟಕ್ಕಿದೆ. ಕ್ರೋಮ್ ಬಂಪರ್, ವೈರ್ ವೀಲ್, ಓವರ್‌ಡ್ರೈವ್ (ಗೇರ್‌ಬಾಕ್ಸ್‌ಗೆ ಸೇರಿಸಿದ ಹೆಚ್ಚುವರಿ ಗೇರ್), ಎರಡು ಎಸ್‌ಯು ಎಚ್‌ಐಎಫ್4 ಕಾರ್ಬುರೇಟರ್. ಆರು ವರ್ಷದಿಂದ ಶೆಡ್‌ನಲ್ಲೇ ನಿಂತಿದೆ, ಸ್ಟಾರ್ಟ್ ಮಾಡಿಲ್ಲ. ಪೇಂಟ್ ಹೊಳೆಯುತ್ತಿದೆ. ಸಿಲ್ (ಬಾಗಿಲ ಕೆಳಗಿನ ಉದ್ದ ತೊಲೆ) ಎರಡೂ ಹೊಸದು, ಎಂಜಿನ್ ಗಟ್ಟಿ ಅಂತ ಮಾರುವವರು ಹೇಳುತ್ತಾರೆ. ಡ್ರೈವರ್ ಬಾಗಿಲು ಮಾತ್ರ ಸ್ವಲ್ಪ ಎತ್ತಿ ಹಾಕಿದರೆ ಕೂರುತ್ತದೆ.

ಹಣ ಕೊಡುವ ಮುಂಚೆ ಏನು ಪರೀಕ್ಷಿಸಲಿ? ಕೊಂಡರೆ ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಏನೇನು ಬಿಚ್ಚಬೇಕು? ಆಮೇಲೆ ಸರ್ವಿಸ್‌ನಲ್ಲಿ ಯಾವುದನ್ನು ಮರೆಯಲೇಬಾರದು?

ಉತ್ತರ: ಕ್ಯಾಸಲ್‌ರೈಲ್

ಎಂಜಿನ್ ಮಾತು ಆಮೇಲೆ, ಮೊದಲು ಬಾಡಿ. ಈ ಗಾಡಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ಟಾಪ್ ಕೂಡ ಇಲ್ಲದ್ದರಿಂದ ಮುಂಭಾಗವನ್ನೂ ಹಿಂಭಾಗವನ್ನೂ ಒಟ್ಟಿಗೆ ಹಿಡಿದಿರುವುದು ಎರಡು ಬದಿಯ ಸಿಲ್ ಮತ್ತು ನಡುವಿನ ಟನಲ್ (ಗೇರ್‌ಬಾಕ್ಸ್ ಮೇಲಿನ ಉಬ್ಬು). ಸಿಲ್ ಹೋದರೆ ಗಾಡಿ ನಡುವಿನಲ್ಲಿ ಬಾಗುತ್ತದೆ. ಬಾಗಿಲು ಎತ್ತಿ ಹಾಕಬೇಕು ಅಂದಿರಲ್ಲ, ನನಗೆ ಮೊದಲು ಅನುಮಾನ ಬಂದದ್ದು ಅಲ್ಲೇ. ಬಾಗಿಲು ತೆರೆದು ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹಿಂಜ್‌ನಲ್ಲಿ ಪ್ಲೇ ಕಂಡರೆ ಪಿನ್ ಸವೆದಿದೆ, ಅದು ಸಣ್ಣ ಕೆಲಸ. ಹಿಂಜ್ ಬಿಗಿಯಾಗಿದ್ದೂ ಬಾಗಿಲು ಕೂರದಿದ್ದರೆ ಬಾಡಿಯೇ ಇಳಿದಿದೆ.

ಸಿಲ್ ಅಂದರೆ ಹೊರಗೆ ಕಾಣುವ ಒಂದು ತಗಡಲ್ಲ. ಹೊರ ಸಿಲ್, ಒಳ ಸಿಲ್, ಎರಡರ ನಡುವೆ ನೆಟ್ಟಗೆ ನಿಂತ ತಗಡಾದ ಮೆಂಬ್ರೇನ್, ಅಡಿಯಲ್ಲಿ ಉದ್ದಕ್ಕೂ ಹೋಗುವ ಮಡಿಚಿದ ತಗಡಾದ ಕ್ಯಾಸಲ್ ರೈಲ್. ನಾಲ್ಕೂ ಸೇರಿದರೇ ಪೆಟ್ಟಿಗೆ, ಪೆಟ್ಟಿಗೆಯಾದರೇ ಬಲ. ಹೊರ ಸಿಲ್‌ನ ಮುಂತುದಿ ಮುಂದಿನ ಮಡ್‌ಗಾರ್ಡ್‌ನ ಒಳಗೆ ಹೋಗುತ್ತದೆ, ಹಿಂತುದಿ ಹಿಂದಿನ ಮಡ್‌ಗಾರ್ಡ್‌ನ ಕೆಳತುದಿಯ ಹಿಂದೆ ಮುಗಿಯುತ್ತದೆ. ಆದ್ದರಿಂದ ಮಡ್‌ಗಾರ್ಡ್‌ಗಳ ಕೆಳಭಾಗ ಬಿಚ್ಚದೆ ಅಥವಾ ಕತ್ತರಿಸದೆ ಪೂರ್ತಿ ಸಿಲ್ ಹಾಕಲು ಸಾಧ್ಯವೇ ಇಲ್ಲ. ಬಾಗಿಲಿನ ಅಗಲಕ್ಕಷ್ಟೇ ಹೊಸ ತಗಡು ಬಡಿದು ‘ಹೊಸ ಸಿಲ್’ ಅನ್ನುವ ಕೆಲಸ ಬಹಳ ಗಾಡಿಗಳಲ್ಲಿದೆ. ಎರಡು ತುದಿಯೂ ಒಳಗೆ ಕೊಳೆಯುತ್ತಲೇ ಇರುತ್ತವೆ. ಮುಂಚಕ್ರ ಎರಚಿದ ಕೆಸರು ಮಡ್‌ಗಾರ್ಡ್‌ನ ಹಿಂಬದಿಯಲ್ಲಿ ಕೂತು ಒಣಗದೆ ಇರುವುದರಿಂದ ತುಕ್ಕು ಶುರುವಾಗುವುದೇ ಅಲ್ಲಿಂದ.

ಪರೀಕ್ಷೆ ಹೀಗೆ ಮಾಡಿ. ಮೆತ್ತನೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಸಿಲ್ ಉದ್ದಕ್ಕೂ, ಅದರಲ್ಲೂ ಎರಡು ತುದಿಗಳಲ್ಲಿ ಹಿಡಿಯಿರಿ. ಹಿಡಿಯದ ಕಡೆ ತಗಡಿನ ಬದಲು ಪುಟ್ಟಿ (ಲೇಪ) ತುಂಬಿದೆ. ಮಲಗಿ ಕೆಳಗಿನಿಂದ ನೋಡಿದಾಗ ಕ್ಯಾಸಲ್ ರೈಲ್ ಮತ್ತು ಸಿಲ್ ಕೂಡುವ ಅಂಚು ಸ್ಪಷ್ಟವಾಗಿ ಕಾಣಬೇಕು, ಸ್ಪಾಟ್ ವೆಲ್ಡ್ ಗುರುತುಗಳೂ ಇರಬೇಕು. ಅಂಚನ್ನು ಇನ್ನೊಂದು ತಗಡು ಮುಚ್ಚಿದ್ದರೆ ಅದು ಹಳೆಯದರ ಮೇಲೆ ಹೊದಿಸಿದ್ದು. ಸ್ಟೇನ್‌ಲೆಸ್ ಪಟ್ಟಿ ರಿವೆಟ್ ಹೊಡೆದಿದ್ದರೆ ಅದನ್ನೂ ನಂಬಬೇಡಿ. ಕೊನೆಯದಾಗಿ ಬಾಗಿಲು ಮುಚ್ಚಿ, ಹಿಂದಿನ ಗ್ಯಾಪ್‌ನ ಮೇಲ್ತುದಿಯನ್ನು ಫೀಲರ್ ಗೇಜ್‌ನಲ್ಲಿ ಅಳೆದು, ಸಿಲ್‌ನ ಜ್ಯಾಕ್ ಪಾಯಿಂಟ್‌ನಲ್ಲಿ ಎತ್ತಿ, ಮತ್ತೆ ಅಳೆಯಿರಿ. ಗ್ಯಾಪ್ ಬದಲಾಗಬಾರದು, ಬಾಗಿಲು ಮುಂಚಿನಷ್ಟೇ ಸಲೀಸಾಗಿ ತೆರೆಯಬೇಕು. ಜ್ಯಾಕ್ ಹಾಕುವಾಗ ಕರಕರ ಸದ್ದು ಕೇಳಿದರೆ ಅಲ್ಲೇ ನಿಲ್ಲಿಸಿ.

ಉಳಿದ ಜಾಗಗಳು: ಸೀಟಿನ ಹಿಂದೆ ನೆಲದೊಳಗಿರುವ ಎರಡು ಬ್ಯಾಟರಿ ಪೆಟ್ಟಿಗೆ (ನಿಮ್ಮ ಗಾಡಿಗೆ 6 ವೋಲ್ಟ್‌ನವು ಎರಡು, ಆಸಿಡ್ ಚೆಲ್ಲಿ ತಳ ತಿಂದಿರುತ್ತದೆ), ಹಿಂದಿನ ಸ್ಪ್ರಿಂಗ್ ಹ್ಯಾಂಗರ್‌ಗಳು, ಕಾರ್ಪೆಟ್ ಕೆಳಗಿನ ಫ್ಲೋರ್. ಬಾಗಿಲ ತಗಡು ಕ್ವಾರ್ಟರ್‌ಲೈಟ್‌ನ (ಮುಂದಿನ ಸಣ್ಣ ತ್ರಿಕೋನ ಗಾಜು) ಬುಡದಲ್ಲಿ ಸೀಳುವುದು ಈ ಗಾಡಿಯ ಮಾಮೂಲು ರೋಗ, ಅದಕ್ಕೆ ಹೆದರಬೇಡಿ. ಚಾಸಿ ನಂಬರ್ ಜಿಎಚ್‌ಎನ್5 ಎಂದು ಶುರುವಾಗಬೇಕು. ಜಿಎಚ್‌ಡಿ5 ಇದ್ದರೆ ಅದು ಮೂಲದಲ್ಲಿ ಜಿಟಿ, ಅಂದರೆ ಮುಚ್ಚಿದ ಟಾಪ್‌ನ ಮಾದರಿ.

ಉತ್ತರ: ಇಪ್ಪತ್ತೈವತ್ತು

ಮೇಲಿನವರು ಹೇಳಿದ್ದು ಸರಿ. ಎಂಜಿನ್ ಕೆಟ್ಟಿದ್ದರೂ ಬಾಡಿ ಗಟ್ಟಿಯಿರುವ ಗಾಡಿಯೇ ಮೇಲು. 1798 ಸಿಸಿ ಬಿ-ಸೀರೀಸ್ ಎಂಜಿನ್‌ಗೆ ಬಹುತೇಕ ಎಲ್ಲ ಭಾಗವೂ ಹೊಸದು ಸಿಗುತ್ತದೆ, ಅದನ್ನು ಬಿಚ್ಚಿ ಕಟ್ಟುವುದು ಕಷ್ಟವೂ ಅಲ್ಲ.

ನಿಂತ ಗಾಡಿಯಲ್ಲಿ ಮಾರುವವರು ಬ್ಯಾಟರಿ ತಂದು ‘ನೋಡಿ, ಸ್ಟಾರ್ಟ್ ಮಾಡ್ತೀನಿ’ ಅಂದರೆ ತಡೆಯಿರಿ. ಆರು ವರ್ಷದಲ್ಲಿ ಸಿಲಿಂಡರ್ ಗೋಡೆಯ ಎಣ್ಣೆ ಇಳಿದು ಹೋಗಿರುತ್ತದೆ, ಆಯಿಲ್ ಪಂಪ್ ಒಣಗಿರುತ್ತದೆ. ಕ್ರಮ ಇದು:

ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ದಿನ ಬಿಡಿ. ನಾಲ್ಕನೇ ಗೇರ್‌ಗೆ ಹಾಕಿ ಗಾಡಿಯನ್ನು ಕೈಯಲ್ಲಿ ಹಿಂದೆ ಮುಂದೆ ತಳ್ಳಿ ಎಂಜಿನ್ ತಿರುಗುತ್ತದೆಯೇ ನೋಡಿ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನಷ್ಟು ಎಣ್ಣೆ, ಇನ್ನಷ್ಟು ದಿನ. ತಿರುಗಿದರೆ ಹಳೆ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, 20ಡಬ್ಲ್ಯೂ-50 ಮಿನರಲ್ ಆಯಿಲ್ ತುಂಬಿ. ಫಿಲ್ಟರ್ ಸೇರಿ ಸುಮಾರು 4.25 ಲೀಟರ್ ಹಿಡಿಯುತ್ತದೆ. ಸತು-ರಂಜಕದ ಅಂಶ ಹೆಚ್ಚಿರುವ, ಹಳೆ ಎಂಜಿನ್‌ಗೆಂದೇ ಮಾಡಿದ ಆಯಿಲ್ ಬೇಕು. ಕ್ಯಾಮ್ ಮತ್ತು ಟ್ಯಾಪೆಟ್ ಇಲ್ಲಿ ಉಜ್ಜಿಕೊಂಡೇ ಕೆಲಸ ಮಾಡುವುದರಿಂದ ತೆಳು ಸಿಂಥೆಟಿಕ್ ಆಯಿಲ್ ಇದಕ್ಕಲ್ಲ.

ಪ್ಲಗ್ ಹಾಕದೆ, ಕಾಯಿಲ್‌ನ ವೈರ್ ತೆಗೆದು, ಸೆಲ್ಫ್ ಅನ್ನು 10-15 ಸೆಕೆಂಡಿನ ಕಂತುಗಳಲ್ಲಿ ತಿರುಗಿಸಿ. ಡ್ಯಾಶ್‌ಬೋರ್ಡ್‌ನ ಪ್ರೆಶರ್ ಮುಳ್ಳು ಏಳಬೇಕು. ನಾಲ್ಕೈದು ಕಂತಾದರೂ ಏಳದಿದ್ದರೆ ಪಂಪ್ ಎಣ್ಣೆ ಎಳೆಯುತ್ತಿಲ್ಲ. ಆಯಿಲ್ ಕೂಲರ್‌ಗೆ ಬರುವ, ಬ್ಲಾಕ್‌ನಿಂದ ಹೊರಟ ಪೈಪ್ ಬಿಚ್ಚಿ, ಸಣ್ಣ ಫನಲ್ ಇಟ್ಟು ಪಂಪ್ ಕಡೆಗೆ ಎಣ್ಣೆ ಸುರಿಯುತ್ತಾ, ಇನ್ನೊಬ್ಬರಿಂದ ಎಂಜಿನ್ ಅನ್ನು ನಿಧಾನ ಹಿಂದಕ್ಕೆ ತಿರುಗಿಸಿದರೆ ಪಂಪ್ ತುಂಬಿಕೊಳ್ಳುತ್ತದೆ. ಮುಳ್ಳು ಏಳುವ ತನಕ ಪ್ಲಗ್ ಹಾಕಲೇಬೇಡಿ. ಎಂಜಿನ್ ಬಿಸಿಯಾದ ಮೇಲೆ ಓಟದಲ್ಲಿ 50-80 ಪಿಎಸ್‌ಐ, ಐಡಲ್‌ನಲ್ಲಿ 10-25 ಇರಬೇಕು. ತಣ್ಣಗಿರುವಾಗ ತೋರಿಸುವ 70ಕ್ಕೆ ಬೆಲೆಯಿಲ್ಲ.

ಪೆಟ್ರೋಲ್ ಟ್ಯಾಂಕ್ ಇಳಿಸಿಯೇ ನೋಡಿ. ಡಿಕ್ಕಿಯ ತಳಕ್ಕೂ ಟ್ಯಾಂಕ್‌ನ ನೆತ್ತಿಗೂ ನಡುವೆ ಮಣ್ಣು ತೇವ ಹಿಡಿದು ಕೂತು ಟ್ಯಾಂಕ್ ಮೇಲಿನಿಂದ ತೂತಾಗುತ್ತದೆ. ಕೆಳಗಿನಿಂದ ನೋಡಿದರೆ ಹೊಸದರಂತಿರುತ್ತದೆ, ಫುಲ್ ಟ್ಯಾಂಕ್ ಹಾಕಿಸಿದ ದಿನ ವಾಸನೆ ಬರುತ್ತದೆ. ರಬ್ಬರ್ ಹೋಸ್‌ಗಳನ್ನು ಎಥನಾಲ್ ತಡೆಯುವ ಎಸ್‌ಎಇ ಜೆ30 ಆರ್9 ದರ್ಜೆಯವಕ್ಕೆ ಬದಲಿಸಿ. ಇಗ್ನಿಷನ್ ಹಾಕಿದಾಗ ಹಿಂದಿರುವ ಎಸ್‌ಯು ಪೆಟ್ರೋಲ್ ಪಂಪ್ ಟಿಕ್ ಟಿಕ್ ಎಂದು ಶುರುವಾಗಿ, ಕಾರ್ಬುರೇಟರ್ ಬೌಲ್ ತುಂಬಿದ ಮೇಲೆ ನಿಲ್ಲಬೇಕು. ಬಿಡದೆ ಬಡಿದುಕೊಂಡರೆ ಎಲ್ಲೋ ಗಾಳಿ ಎಳೆಯುತ್ತಿದೆ. ಸದ್ದೇ ಇಲ್ಲದಿದ್ದರೆ ಪಂಪ್‌ನ ಪಾಯಿಂಟ್ ಕಿಲುಬು ಹಿಡಿದಿದೆ.

ಬ್ರೇಕ್ ಬಗ್ಗೆ ರಾಜಿ ಬೇಡ. ಮೂರೂ ಫ್ಲೆಕ್ಸಿಬಲ್ ಹೋಸ್ (ಮುಂದೆ ಎರಡು, ಹಿಂದೆ ಒಂದು), ಹಿಂದಿನ ವೀಲ್ ಸಿಲಿಂಡರ್, ಕ್ಯಾಲಿಪರ್ ಸೀಲ್ ಹೊಸದಾಗಲಿ, ಡಾಟ್ 4 ಬ್ರೇಕ್ ಆಯಿಲ್ ತುಂಬಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಳೆ ಹೋಸ್ ಹೊರಗೆ ಚೆನ್ನಾಗಿದ್ದರೂ ಒಳಗೆ ಊದಿಕೊಂಡು, ಪೆಡಲ್ ಬಿಟ್ಟ ಮೇಲೂ ಬ್ರೇಕ್ ಹಿಡಿದೇ ಇರುತ್ತದೆ.

ಮರುಪ್ರಶ್ನೆ: ತಂತಿಚಕ್ರ

ತುಂಬಾ ಉಪಕಾರ. ಹೋಗಿ ನೋಡಿಬಂದೆ. ಎಡಬದಿ ಗ್ಯಾಪ್ ಅಲುಗಲಿಲ್ಲ. ಬಲಬದಿ ಎತ್ತಿದಾಗ 3 ಮಿ.ಮೀ. ಬದಲಾಯಿತು, ಆ ಸಿಲ್‌ನ ಹಿಂತುದಿಯಲ್ಲಿ ಅಂಗೈ ಅಗಲ ಅಯಸ್ಕಾಂತ ಹಿಡಿಯುವುದಿಲ್ಲ. ಬಾಗಿಲ ಹಿಂಜ್ ಬಿಗಿಯಾಗಿದೆ. ಮುಂದಿನ ಬಲಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಟಕಟ ಅನ್ನುತ್ತದೆ. ಬಿಟ್ಟುಬಿಡಲೇ?

ಉತ್ತರ: ಕ್ಯಾಸಲ್‌ರೈಲ್

ಬಿಡಬೇಕಿಲ್ಲ. ಆದರೆ ‘ಹೊಸ ಸಿಲ್’ ಗಾಡಿ ಅಂತ ಬೆಲೆ ಕಟ್ಟಬೇಡಿ, ಒಂದು ಬದಿ ಪೂರ್ತಿ ಸಿಲ್ ಕೆಲಸ ಬಾಕಿಯಿರುವ ಗಾಡಿ ಅಂತ ಕಟ್ಟಿ. ತಗಡು ದೊಡ್ಡ ಖರ್ಚಲ್ಲ. ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು 1988ರಿಂದ ಇಡೀ ಬಾಡಿ ಶೆಲ್ ಅನ್ನೇ ಮಾಡುತ್ತಿದ್ದಾರೆ, ಬಿಡಿ ಪ್ಯಾನೆಲ್‌ಗಳೂ ಸಿಗುತ್ತವೆ. ಖರ್ಚೆಲ್ಲ ಕೆಲಸದ ಗಂಟೆಗಳದ್ದು: ಮಡ್‌ಗಾರ್ಡ್ ಬಿಚ್ಚಿ, ಹಿಂದಿನದರ ಕೆಳತುದಿ ಕತ್ತರಿಸಿ, ಮೆಂಬ್ರೇನ್ ನೋಡಿ, ಮತ್ತೆ ಕಟ್ಟಿ ಪೇಂಟ್ ಮಾಡುವುದು.

ಟಿಂಕರಿಂಗ್ ಮಾಡುವವರಿಗೆ ಒಂದು ಮಾತು ಮೊದಲೇ ಹೇಳಿ. ಗಾಡಿಯನ್ನು ಸಮತಟ್ಟಾಗಿ, ಸಸ್ಪೆನ್ಷನ್ ಮೇಲೆ ಭಾರ ಕೂರುವಂತೆ ಇಟ್ಟು, ಬಾಗಿಲು ಜೋಡಿಸಿ ಗ್ಯಾಪ್ ಸರಿಮಾಡಿದ ಮೇಲೆಯೇ ಹಳೆ ಸಿಲ್ ಕತ್ತರಿಸಬೇಕು. ಬಾಗಿಲ ತೆರಪಿಗೆ ಅಡ್ಡಲಾಗಿ ಒಂದು ಬ್ರೇಸ್ ಕೊಡಲಿ, ಒಂದು ಬದಿ ಮುಗಿಯದೆ ಇನ್ನೊಂದನ್ನು ಮುಟ್ಟಬಾರದು. ಬಾಗಿಲು ತೆಗೆದಿಟ್ಟು ವೆಲ್ಡ್ ಮಾಡಿದರೆ ಬಾಡಿ ಇಳಿದ ಜಾಗದಲ್ಲೇ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಆ ಬಾಗಿಲು ಎಂದೂ ಸರಿಯಾಗಿ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯೊಳಗೆ ವ್ಯಾಕ್ಸ್ ಸಿಂಪಡಿಸಿ, ನೀರು ಇಳಿಯುವ ತೂತು ಮುಚ್ಚಿಹೋಗದಂತೆ ನೋಡಿ.

ಚಕ್ರದ ಕಟಕಟಕ್ಕೆ: ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲುಗಿಸಿ. ಸದ್ದು ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ಕಿಂಗ್‌ಪಿನ್ (ಮುಂಚಕ್ರ ಎಡಬಲ ತಿರುಗುವ ಪಿನ್). ಕಿಂಗ್‌ಪಿನ್‌ನ ಬುಶ್ ಹಾಕಿದ ಮೇಲೆ ರೀಮರ್ (ತೂತನ್ನು ಅಳತೆಗೆ ಕೆರೆಯುವ ಉಪಕರಣ) ಹಾಕಿ ಅಳತೆಗೆ ತರಬೇಕಾದ್ದರಿಂದ, ರೀಮರ್ ಇಲ್ಲದವರಿಗೆ ರೀಕಂಡಿಷನ್ ಆದ ಸ್ಟಬ್ ಆಕ್ಸಲ್ ಜೋಡಿ ತರಿಸುವುದೇ ಸುಲಭ.

ವೈರ್ ವೀಲ್‌ಗೂ ಅದೇ ಸಮಯದಲ್ಲಿ ಒಂದು ಪರೀಕ್ಷೆ. ಬ್ರೇಕ್ ಒತ್ತಿಸಿ ಚಕ್ರವನ್ನು ಮುಂದೆ ಹಿಂದೆ ತಿರುಗಿಸಿ. ಹಬ್ ನಿಂತು ಚಕ್ರ ಮಾತ್ರ ಅಲುಗಿದರೆ ಸ್ಪ್ಲೈನ್ (ಹಬ್ ಮತ್ತು ಚಕ್ರ ಕಚ್ಚಿಕೊಳ್ಳುವ ಹಲ್ಲುಗಳು) ಸವೆದಿದೆ. ಕಡ್ಡಿಗಳನ್ನು ಪಾನಾದಿಂದ ಮೆಲ್ಲಗೆ ತಟ್ಟಿ, ಟಿಂಗ್ ಅನ್ನದೆ ಮಂಕಾಗಿ ಸದ್ದು ಮಾಡುವುದು ಸಡಿಲ. ಎಡಬದಿಯ ಸ್ಪಿನ್ನರ್ (ಚಕ್ರದ ನಡುವಿನ ದೊಡ್ಡ ನಟ್) ಮಾಮೂಲಿ ಥ್ರೆಡ್, ಬಲಬದಿಯದು ಉಲ್ಟಾ ಥ್ರೆಡ್ ಇರಬೇಕು. ಯಾರಾದರೂ ಹಬ್ ಅದಲುಬದಲು ಮಾಡಿದ್ದರೆ ಓಡುತ್ತಲೇ ನಟ್ ಬಿಚ್ಚಿಕೊಳ್ಳುತ್ತದೆ.

ಉತ್ತರ: ಕಂದುವೈರ್

ವೈರಿಂಗ್ ಬಗ್ಗೆ ಯಾರೂ ಬರೆದಿಲ್ಲ. ಕಂದು ವೈರ್‌ಗೆ ಫ್ಯೂಸ್ ಇಲ್ಲ, ಬ್ಯಾಟರಿ ಕೂಡಿಸಿದ ಕ್ಷಣದಿಂದ ಕರೆಂಟ್ ಇರುತ್ತದೆ. ಬಿಳಿ, ಇಗ್ನಿಷನ್ ಹಾಕಿದಾಗ. ಹಸಿರು, ಇಗ್ನಿಷನ್ ಫ್ಯೂಸ್ ಆದ ಮೇಲೆ. ನೇರಳೆ, ಸದಾ ಕರೆಂಟ್ ಇರುವ ಫ್ಯೂಸ್ ಆದ ಮೇಲೆ. ಕಪ್ಪು ಅರ್ತ್. ಈ ಐದು ಬಣ್ಣ ತಿಳಿದರೆ ಮುಕ್ಕಾಲು ತೊಂದರೆ ಮಲ್ಟಿಮೀಟರ್‌ನಲ್ಲೇ ಸಿಗುತ್ತದೆ. ಉಳಿದದ್ದು ಬುಲೆಟ್ ಕನೆಕ್ಟರ್‌ನ ಕಿಲುಬು ಮತ್ತು ಸಡಿಲ ಅರ್ತ್.

ಫ್ಯೂಸ್ ಬದಲಿಸುವಾಗ ಬಹಳ ಜನ ಎಡವುತ್ತಾರೆ. ಮುಚ್ಚಳದಲ್ಲಿ 35 ಆಂಪಿಯರ್ ಅಂತಿರುವುದು ಫ್ಯೂಸ್ ಸುಡುವ ಅಂಕಿ. ಲೂಕಾಸ್‌ನ ಆ ಗಾಜಿನ ಫ್ಯೂಸ್ ಸತತವಾಗಿ ತಾಳುವುದು 17 ಆಂಪಿಯರ್ ಮಾತ್ರ. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಫ್ಯೂಸ್‌ಗಳ ಮೇಲಿರುವುದು ಸತತ ತಾಳುವ ಅಂಕಿ. ಅಂಥ 35 ಹಾಕಿದರೆ ಫ್ಯೂಸ್‌ಗಿಂತ ಮೊದಲು ವೈರ್ ಸುಡುತ್ತದೆ.

ಉತ್ತರ: ಇಪ್ಪತ್ತೈವತ್ತು

ಸರ್ವಿಸ್ ಪ್ರಶ್ನೆ ಉಳಿದಿತ್ತು.

ಟ್ಯಾಪೆಟ್ (ವಾಲ್ವ್) ಗ್ಯಾಪ್ 0.015 ಇಂಚು, ಎಂಜಿನ್ ತಣ್ಣಗಿರುವಾಗ. ಒಂಬತ್ತರ ಲೆಕ್ಕ ನೆನಪಿಡಿ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದು, 6 ತೆರೆದಾಗ 3, ಹೀಗೆ ಎರಡರ ಮೊತ್ತ 9 ಬರಬೇಕು. ತುಸು ಸದ್ದಿರಲಿ, ಬಿಗಿ ಮಾಡಬೇಡಿ. ಪ್ರತಿ ಸರ್ವಿಸ್‌ನಲ್ಲೂ ಅದೇ ಎಕ್ಸಾಸ್ಟ್ ವಾಲ್ವ್ ಬಿಗಿಯಾಗುತ್ತಾ ಬಂದರೆ ಸೀಸವಿಲ್ಲದ ಪೆಟ್ರೋಲ್‌ಗೆ ಅದರ ಸೀಟ್ ಕುಸಿಯುತ್ತಿದೆ, ಹೆಡ್ ಬಿಚ್ಚಿ ಗಟ್ಟಿ ಸೀಟ್ ಹಾಕಿಸಬೇಕು. ಪ್ಲಗ್ ಗ್ಯಾಪ್ 0.025 ಇಂಚು, ಡಿಸ್ಟ್ರಿಬ್ಯೂಟರ್ ಪಾಯಿಂಟ್ 0.015.

ಕಾರ್ಬುರೇಟರ್ ಮುಟ್ಟುವುದು ಇವೆಲ್ಲ ಸರಿಯಾದ ಮೇಲೆ. ಅದರ ಮೇಲಿನ ಎಣ್ಣೆ ಕೊಳವೆಯಾದ ಡ್ಯಾಶ್‌ಪಾಟ್‌ನಲ್ಲಿ ಟೊಳ್ಳು ರಾಡ್‌ನ ತುದಿಗಿಂತ 13 ಮಿ.ಮೀ. ಮೇಲಕ್ಕೆ ಎಣ್ಣೆ ಇರಲಿ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಒಂದು ಕಾರ್ಬುರೇಟರ್‌ನ ಪಿಸ್ಟನ್ ಅನ್ನು ಕೂದಲೆಳೆಯಷ್ಟು, ಒಂದು ಮಿ.ಮೀ. ಒಳಗೆ, ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು, ಉಸಿರು ಕಟ್ಟಿದಂತೆ ಕುಸಿದರೆ ಕಡಿಮೆ, ಒಂದು ಕ್ಷಣ ಏರಿ ಮತ್ತೆ ಇಳಿದರೆ ಸರಿ.

ಗೇರ್‌ಬಾಕ್ಸ್‌ಗೆ ಗೇರ್ ಆಯಿಲ್ ಹಾಕಬೇಡಿ! ಓವರ್‌ಡ್ರೈವ್ ಕೂಡ ಅದೇ ಎಣ್ಣೆಯಲ್ಲಿ ಓಡುವುದರಿಂದ ಎಂಜಿನ್‌ಗೆ ಹಾಕುವ 20ಡಬ್ಲ್ಯೂ-50ಯೇ, 3.4 ಲೀಟರ್. ಇಪಿ90 ಹಿಂದಿನ ಆಕ್ಸಲ್‌ಗೆ, 0.85 ಲೀಟರ್. ಓವರ್‌ಡ್ರೈವ್ ಹಿಡಿಯದಿದ್ದರೆ ಮೊದಲು ಎಣ್ಣೆ ಮಟ್ಟ, ಆಮೇಲೆ ಗೇರ್‌ಬಾಕ್ಸ್ ಮೇಲಿನ ಸ್ವಿಚ್ ಮತ್ತು ವೈರ್. ಗೇರ್‌ಬಾಕ್ಸ್ ಇಳಿಸುವುದು ಕೊನೆಗೆ. ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡಿ, ರಿಲೀಸ್ ಬೇರಿಂಗ್ ಕಾರ್ಬನ್‌ದು, ಬದಲಿಸಲು ಎಂಜಿನ್ ಹೊರಗೆ ತೆಗೆಯಬೇಕು.

ಕಿಂಗ್‌ಪಿನ್ ಹೊಸದು ಹಾಕಿಸಿದ ಮೇಲೆ 5,000 ಕಿ.ಮೀ.ಗೊಮ್ಮೆ ಗ್ರೀಸ್, ಒಂದೊಂದು ಬದಿಗೆ ಮೂರು ನಿಪ್ಪಲ್. ಮುಂಚಕ್ರಗಳು ನೆಲದಿಂದ ಎದ್ದಿರಬೇಕು. ಭಾರ ಬಿದ್ದಿರುವಾಗ ಪಿನ್ ಒಂದು ಬದಿಗೆ ಒತ್ತಿಕೊಂಡು, ಗ್ರೀಸ್ ಬೇಕಾದ ಮೈಗೇ ತಲುಪುವುದಿಲ್ಲ. ಗನ್ ಒತ್ತುತ್ತಾ ಸ್ಟೇರಿಂಗ್ ಅನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಮೊದಲು ಕಪ್ಪು ಗ್ರೀಸ್ ಬರುತ್ತದೆ, ಹೊಸದರ ಬಣ್ಣ ಕಾಣುವ ತನಕ ಒತ್ತಿ, ಹೊರಬಂದದ್ದನ್ನು ಒರೆಸಿಬಿಡಿ, ಬ್ರೇಕ್ ಡಿಸ್ಕ್‌ಗೆ ತಾಗಬಾರದು.