ಆಳವಾದ ಹುಳುಕು: ತಳದ ಮೆತ್ತನೆಯ ಭಾಗವನ್ನು ಉಳಿಸಿ ಭರ್ತಿ ಮಾಡಬಹುದೇ?

ಪ್ರಶ್ನೆ: ನನ್ನ ಮಗಳ ದವಡೆ ಹಲ್ಲಿನ ಹುಳುಕು ಆಳಕ್ಕಿಳಿದಿದೆ, ತಣ್ಣೀರು ತಾಗಿದಾಗ ಕ್ಷಣಕಾಲ ಜುಮ್ಮೆನ್ನುವುದನ್ನು ಬಿಟ್ಟರೆ ನೋವಿಲ್ಲ. ತಳದಲ್ಲಿ ಸ್ವಲ್ಪ ಕೊಳೆತ ಭಾಗವನ್ನು ಉಳಿಸಿಯೇ ಭರ್ತಿ ಮಾಡುವುದಾಗಿ ವೈದ್ಯರು ಹೇಳಿದ್ದಾರೆ. ಮುಚ್ಚಿಟ್ಟ ಹುಳುಕು ಒಳಗೇ ಬೆಳೆಯುವುದಿಲ್ಲವೇ?

ಉತ್ತರ 1: ನಾನು ದಂತವೈದ್ಯೆ. ನಿಮ್ಮ ಆತಂಕ ಸಹಜ, ಏಕೆಂದರೆ ಗಟ್ಟಿ ಡೆಂಟಿನ್ (ಹಲ್ಲಿನ ಹೊರಕವಚದ ಒಳಗಿನ ಪದರ) ಸಿಗುವವರೆಗೂ ಕೊರೆಯಬೇಕೆಂದೇ ನಮಗೂ ಕಲಿಸಲಾಗಿತ್ತು. ಆದರೆ ಹಲ್ಲಿನ ಜೀವಭಾಗವಾದ ಪಲ್ಪ್‌ಗೆ ಹತ್ತಿರವಿರುವ ಹುಳುಕನ್ನು ಪೂರ್ತಿ ಕೆರೆದರೆ ಪಲ್ಪ್ ತೆರೆದುಕೊಂಡು, ಉಳಿಸಬಹುದಾಗಿದ್ದ ಹಲ್ಲಿಗೂ ರೂಟ್ ಕೆನಾಲ್ ಬೇಕಾಗಬಹುದು. ಆದ್ದರಿಂದಲೇ 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಶಿಫಾರಸು, ಇಂತಹ ಹಲ್ಲುಗಳಲ್ಲಿ ಅಂಚನ್ನು ಗಟ್ಟಿ ಭಾಗದವರೆಗೆ ಶುಚಿಗೊಳಿಸಿ, ಪಲ್ಪ್‌ನ ಮೇಲೆ ಮಾತ್ರ ಮೆತ್ತನೆಯ ಡೆಂಟಿನ್ ಉಳಿಸಲು ಹೇಳುತ್ತದೆ. ಭರ್ತಿ ಬಿಗಿಯಾಗಿದ್ದರೆ ಆಹಾರದ ಸಕ್ಕರೆ ಒಳಗಿನ ಬ್ಯಾಕ್ಟೀರಿಯಾಗಳಿಗೆ ತಲುಪದೆ ಅವು ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತವೆ. ಅಂಚು ಸೋರಿದರೆ ಈ ಲೆಕ್ಕಾಚಾರವೆಲ್ಲ ಕೆಡುತ್ತದೆ.

ಉತ್ತರ 2: ನನ್ನ ಮಗನಿಗೆ ಎರಡು ಹಂತಗಳಲ್ಲಿ ಮಾಡಿದ್ದರು: ಮೊದಲು ತಾತ್ಕಾಲಿಕ ಭರ್ತಿ, ಎಂಟು ತಿಂಗಳ ನಂತರ ಮತ್ತೆ ತೆರೆದು ಶಾಶ್ವತ ಭರ್ತಿ. ಅದು ಅಗತ್ಯವೇ?

ಉತ್ತರ 1: ಅದೂ ಒಪ್ಪಿತ ವಿಧಾನವೇ. ಆದರೆ ಎರಡನೆಯ ಸಲ ತೆರೆಯುವಾಗ ಪಲ್ಪ್‌ಗೆ ಮತ್ತೆ ಅಪಾಯವಿರುವುದರಿಂದ, ಒಂದೇ ಹಂತದಲ್ಲಿ ಮುಗಿಸುವುದು ಲೇಸೆಂದು ನನ್ನ ಅಭಿಪ್ರಾಯ. ಮುಖ್ಯವಾಗಿ, ಹಾಲುಹಲ್ಲಿಗೆ ಎರಡು ಹಂತಗಳು ಬೇಕಿಲ್ಲ.

ಪ್ರಶ್ನೆ ಕೇಳಿದವರು: ಯಾವ ಲಕ್ಷಣ ಕಂಡರೆ ತಡಮಾಡದೆ ಬರಬೇಕು?

ಉತ್ತರ 1: ತಾನಾಗಿಯೇ ಬರುವ ನೋವು, ರಾತ್ರಿ ನಿದ್ದೆಗೆಡಿಸುವ ನೋವು, ಒಸಡಿನ ಊತ ಅಥವಾ ಕೀವಿನ ಗುಳ್ಳೆ. ಇವು ಈಗಾಗಲೇ ಇದ್ದರೆ ಈ ವಿಧಾನವೇ ಸಲ್ಲದು.