ಫೈಲ್ ಓದು-ಬರಹದ ಕ್ರಿಯಾಪದಗಳು: ‘ಬರೆ’, ‘ದಾಟಿಸು’, ‘ಖಾಯಂ ಮಾಡು’, ‘ಉಳಿಸು’

ಪದಾಸಕ್ತರೆಲ್ಲರಿಗೂ ನಮಸ್ಕಾರ.

ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ಕಟ್ಟಲು ಬಳಸುವ ಕ್ಯೂಟ್ ಎಂಬ ಫ್ರೇಮ್‌ವರ್ಕಿನಲ್ಲಿ ಫೈಲುಗಳನ್ನು ಓದುವ ಮತ್ತು ಬರೆಯುವ ವಿಧಾನವನ್ನು ಕನ್ನಡದಲ್ಲಿ ವಿವರಿಸುವ ಅಧ್ಯಾಯವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕ್ಲಾಸು, ಫಂಕ್ಷನ್ನು, ಬಫರು, ಬೈಟು ಮೊದಲಾದ ನಾಮಪದಗಳು ನನಗೆ ಅಷ್ಟಾಗಿ ತೊಡಕಾಗಿಲ್ಲ; ಓದುಗರು ಅವುಗಳನ್ನು ಹಾಗೆಯೇ ಬಲ್ಲರು, ಹಾಗೆಯೇ ಆಡುತ್ತಾರೆ. ತೊಡಕು ಇರುವುದು ಕ್ರಿಯಾಪದಗಳಲ್ಲಿ. ಬರೆಯುವುದು, ಸೇರಿಸುವುದು, ಉಳಿಸುವುದು, ಮುಚ್ಚುವುದು ಎಂಬ ಮಾತುಗಳು ನಮಗೆ ಎಷ್ಟು ಹತ್ತಿರದವೆಂದರೆ, ಒಂದರ ಬದಲು ಇನ್ನೊಂದನ್ನು ಬಳಸಿದರೂ ವಾಕ್ಯ ಸರಾಗವಾಗಿ ಓದಿಸಿಕೊಳ್ಳುತ್ತದೆ, ಆದರೆ ಅದನ್ನು ನಂಬಿ ಪ್ರೋಗ್ರಾಮ್ ಬರೆದವರ ಮಾಹಿತಿ ನಷ್ಟವಾಗುತ್ತದೆ. ಮಾಹಿತಿ ಈಗ ಎಲ್ಲಿದೆ, ಯಾರ ವಶದಲ್ಲಿದೆ ಎಂಬುದನ್ನು ಕ್ರಿಯಾಪದವೇ ಓದುಗರಿಗೆ ತಿಳಿಸಬೇಕು ಎಂಬುದು ನನ್ನ ನಿಲುವು. ಅದಕ್ಕೆ ಒಪ್ಪುವ ಪದಗಳನ್ನು ನಿಮ್ಮೊಡನೆ ಚರ್ಚಿಸಲು ಬಯಸುತ್ತೇನೆ.

ಮೊದಲಿಗೆ ‘ಫೈಲ್’ ಮತ್ತು ‘ಕಡತ’. ಕನ್ನಡಕ್ಕೆ ಅನುವಾದಗೊಂಡ ಹಲವು ತಂತ್ರಾಂಶಗಳ ಮೆನುವಿನಲ್ಲಿ ‘ಕಡತ’ ನೆಲೆಯೂರಿದೆ, ಫೋಲ್ಡರಿಗೆ ‘ಕಡತಕೋಶ’ ಎಂಬ ಬಳಕೆಯೂ ಇದೆ. ಇದ್ದಿಲು ಮತ್ತು ಹುಣಿಸೆಬೀಜದ ಸರಿ ಬಳಿದು ಕಪ್ಪಾಗಿಸಿದ, ಮಡಿಸಿಡಬಹುದಾದ ಬಟ್ಟೆಯ ಪುಸ್ತಕಕ್ಕೆ ಹಿಂದೆ ಕಡತ ಎನ್ನುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯಬಹುದಿತ್ತು. ಓದಲೂ ತಿದ್ದಿ ಬರೆಯಲೂ ಬರುವ ಡಿಜಿಟಲ್ ಫೈಲಿಗೆ ಈ ಹಳೆಯ ಅರ್ಥ ಚೆನ್ನಾಗಿ ಹೊಂದುತ್ತದೆ. ಹಾಗಿದ್ದರೂ ಪ್ರೋಗ್ರಾಮರುಗಳ ಮಾತಿನಲ್ಲಿ ‘ಫೈಲ್’ ಎಂಬುದೇ ಇರುವುದರಿಂದ, ಅಧ್ಯಾಯದ ಉದ್ದಕ್ಕೂ ಅದನ್ನೇ ಇಟ್ಟುಕೊಂಡಿದ್ದೇನೆ. ಇದು ಹೆಚ್ಚು ಚರ್ಚೆ ಬೇಡುವ ವಿಷಯವೆಂದು ನನಗೆ ಅನಿಸುವುದಿಲ್ಲ.

‘ತೆರೆ’ ಎಂಬುದರಲ್ಲಿ ಒಂದು ಸಣ್ಣ ಎಚ್ಚರಿಕೆ ಬೇಕು. ಬಳಕೆದಾರರು ಫೈಲನ್ನು ಆರಿಸಿಕೊಳ್ಳಲೆಂದು ತೋರಿಸುವ ಕಿಟಕಿಯ ಗುಂಡಿಯ ಮೇಲೆ ‘ತೆರೆ’ ಎಂದಿರುತ್ತದೆ. ಆದರೆ ಗೆಟ್‌ಓಪನ್‌ಫೈಲ್‌ನೇಮ್ ಎಂಬ ಫಂಕ್ಷನ್ ಆರಿಸಿದ ಫೈಲಿನ ಹೆಸರನ್ನು ಹಾದಿಯೊಂದಿಗೆ ತಂದುಕೊಡುತ್ತದೆಯೇ ಹೊರತು ಯಾವ ಫೈಲನ್ನೂ ತೆರೆಯುವುದಿಲ್ಲ. ಅದರ ಜೋಡಿಯಾದ ಗೆಟ್‌ಸೇವ್‌ಫೈಲ್‌ನೇಮ್ ಕೂಡ ಏನನ್ನೂ ಉಳಿಸುವುದಿಲ್ಲ. ನಿಜವಾಗಿ ತೆರೆಯುವುದು ಕ್ಯೂಫೈಲ್ ಕ್ಲಾಸಿನ ಓಪನ್ ಫಂಕ್ಷನ್, ಅದೂ ಸೋಲಬಹುದಾದ ಕೆಲಸ. ಸೋತಾಗ ಅದು ಸುಳ್ಳು ಎಂಬ ಬೆಲೆಯನ್ನು ಹಿಂದಿರುಗಿಸುತ್ತದೆ. ಆದ್ದರಿಂದ ಕಿಟಕಿಯ ವಿಷಯಕ್ಕೆ ‘ಫೈಲನ್ನು ಆರಿಸು’ ಎಂದೂ, ಫಂಕ್ಷನ್ನಿನ ವಿಷಯಕ್ಕೆ ‘ತೆರೆಯಲು ಯತ್ನಿಸುತ್ತದೆ’ ಎಂದೂ ಬರೆದಿದ್ದೇನೆ. ವಾಕ್ಯ ತುಸು ಉದ್ದವಾದರೂ, ತೆರೆದದ್ದು ಯಶಸ್ವಿಯಾಯಿತೇ ಎಂದು ಪರೀಕ್ಷಿಸಬೇಕೆಂಬ ಸೂಚನೆ ಅದರಲ್ಲೇ ಅಡಗಿದೆ.

ತೆರೆಯುವ ರೀತಿಗಳಿಗೆ ಬಂದಾಗ ಪದಗಳ ಹೊಣೆ ಹೆಚ್ಚುತ್ತದೆ. ರೀಡ್‌ಓನ್ಲಿ ಎಂಬುದನ್ನು ‘ಓದಲು ಮಾತ್ರ’ ಎಂದರೆ ಏನೂ ತಪ್ಪಿಲ್ಲ. ಆದರೆ ರೈಟ್‌ಓನ್ಲಿಯನ್ನು ‘ಬರೆಯಲು ಮಾತ್ರ’ ಎಂದಷ್ಟೇ ಹೇಳಿ ಬಿಟ್ಟರೆ ಮುಖ್ಯವಾದ ಸಂಗತಿ ಮರೆಯಾಗುತ್ತದೆ. ಈ ರೀತಿಯೊಂದನ್ನೇ ಕೊಟ್ಟು ತೆರೆದಾಗ, ನಾವು ಒಂದೇ ಒಂದು ಬೈಟನ್ನು ಬರೆಯುವ ಮೊದಲೇ, ಫೈಲಿನಲ್ಲಿ ಇದ್ದದ್ದೆಲ್ಲ ಇಲ್ಲವಾಗುತ್ತದೆ; ಟ್ರಂಕೇಟ್ ಎಂಬ ರೀತಿ ಅದರೊಳಗೆ ಸೇರಿಕೊಂಡೇ ಬರುತ್ತದೆ. ಜೊತೆಗೆ ಓದುವ ರೀತಿಯನ್ನೋ, ಇದ್ದುದರ ಕೊನೆಗೆ ಬರೆಯುವ ಅಪೆಂಡ್ ರೀತಿಯನ್ನೋ, ಹೊಸ ಫೈಲಾಗಿದ್ದರೆ ಮಾತ್ರ ತೆರೆಯಬೇಕೆನ್ನುವ ನ್ಯೂಓನ್ಲಿಯನ್ನೋ ಕೂಡಿಸಿದಾಗ ಮಾತ್ರ ಹೀಗಾಗುವುದಿಲ್ಲ. ಟ್ರಂಕೇಟ್‌ಗೆ ‘ಮೊಟಕುಗೊಳಿಸು’ ಎಂಬ ಅನುವಾದವನ್ನು ಕಂಡಿದ್ದೇನೆ, ಅದು ಇಲ್ಲಿ ಸಾಲದು. ಮೊಟಕುಗೊಳಿಸಿದ್ದರಲ್ಲಿ ಏನಾದರೂ ಉಳಿದಿರುತ್ತದೆ ಎಂದು ಕನ್ನಡ ಕಿವಿ ಕೇಳಿಸಿಕೊಳ್ಳುತ್ತದೆ, ಇಲ್ಲಿ ಏನೂ ಉಳಿದಿರುವುದಿಲ್ಲ. ‘ಬರಿದು ಮಾಡಿ ತೆರೆ’ ಎಂಬುದು ನನ್ನ ಸಲಹೆ. ‘ಮೊಟಕುಗೊಳಿಸು’ ಎಂಬುದನ್ನು ರೀಸೈಜ್ ಫಂಕ್ಷನ್ನಿನ ಒಂದು ಬಗೆಯ ಬಳಕೆಗೆ ಮೀಸಲಿಡಬಹುದು: ಇರುವುದಕ್ಕಿಂತ ಚಿಕ್ಕ ಅಳತೆಯನ್ನು ಕೊಟ್ಟರೆ ಅದು ಫೈಲಿನ ಬಾಲವನ್ನು ಕತ್ತರಿಸಿ ಹಾಕುತ್ತದೆ, ದೊಡ್ಡ ಅಳತೆಯನ್ನು ಕೊಟ್ಟರೆ ಹೆಚ್ಚಿದ ಜಾಗವನ್ನು ಸೊನ್ನೆಗಳಿಂದ ತುಂಬುತ್ತದೆ.

ಅಪೆಂಡ್‌ಗೆ ಬಹುತೇಕ ಎಲ್ಲರೂ ‘ಸೇರಿಸು’ ಎನ್ನುತ್ತಾರೆ. ಕನ್ನಡದ ‘ಸೇರಿಸು’ವಿಗೆ ಸ್ಥಳದ ಹಂಗಿಲ್ಲ, ಮೊದಲಲ್ಲಿ, ನಡುವೆ, ಕೊನೆಯಲ್ಲಿ ಎಲ್ಲಿ ಬೇಕಾದರೂ ಸೇರಿಸಬಹುದು. ಫೈಲಿನ ನಡುವೆ ಹೊಸ ಬೈಟುಗಳನ್ನು ತೂರಿಸಿ ಉಳಿದವನ್ನು ಮುಂದಕ್ಕೆ ಸರಿಸುವ ಸೌಲಭ್ಯ ಕ್ಯೂಫೈಲಿನಲ್ಲಿ ಇಲ್ಲವೇ ಇಲ್ಲ, ಹಾಗೆ ಮಾಡಬೇಕಾದರೆ ಮುಂದಿನ ಭಾಗವನ್ನು ಓದಿಟ್ಟುಕೊಂಡು ಮತ್ತೆ ಬರೆಯಬೇಕು. ಆದ್ದರಿಂದ ‘ಕೊನೆಗೆ ಸೇರಿಸು’ ಎಂಬ ಎರಡು ಪದಗಳ ಬಳಕೆಯೇ ಸರಿ ಎನಿಸುತ್ತದೆ. ಓದುವ ಮತ್ತು ಬರೆಯುವ ಎರಡೂ ರೀತಿಗಳಲ್ಲಿ ತೆರೆದು, ಸೀಕ್ ಫಂಕ್ಷನ್ನಿನಿಂದ ನಡುವಿನ ಒಂದು ಸ್ಥಾನಕ್ಕೆ ಹೋಗಿ ಬರೆದಾಗ ನಡೆಯುವುದೇ ಬೇರೆ. ಅಲ್ಲಿ ಇದ್ದ ಬೈಟುಗಳ ಜಾಗವನ್ನು ಅಷ್ಟೇ ಸಂಖ್ಯೆಯ ಹೊಸ ಬೈಟುಗಳು ಆಕ್ರಮಿಸುತ್ತವೆ, ಹಿಂದಿನದೂ ಮುಂದಿನದೂ ಹಾಗೆಯೇ ಇರುತ್ತವೆ. ಇದನ್ನು ‘ಮೇಲೆ ಬರೆ’ ಎಂದರೆ ಪುಟದ ಮೇಲ್ಭಾಗದಲ್ಲಿ ಬರೆಯುವುದೆಂಬ ಅರ್ಥ ಅಡ್ಡಬರುತ್ತದೆ. ‘ಅಳಿಸಿ ಬರೆ’ ಎಂದರೆ ಬರಿದು ಮಾಡುವುದಕ್ಕೆ ತೀರ ಹತ್ತಿರವಾಗುತ್ತದೆ. ಸದ್ಯಕ್ಕೆ ‘ಇದ್ದುದರ ಮೇಲೆಯೇ ಬರೆ’ ಎಂದು ಇಟ್ಟಿದ್ದೇನೆ. ಇದಕ್ಕಿಂತ ಅಡಕವಾದ ಮಾತು ಸಿಕ್ಕರೆ ಸಂತೋಷ.

ನನಗೆ ಎಲ್ಲಕ್ಕಿಂತ ಕಳವಳ ತಂದಿರುವ ಪದವೆಂದರೆ ‘ಅಕ್ಷರ’. ರೀಡ್ ಫಂಕ್ಷನ್ನಿಗೆ ಒಂದು ಸಂಖ್ಯೆಯನ್ನು ಕೊಟ್ಟರೆ ಅದು ‘ಅಷ್ಟು ಅಕ್ಷರಗಳನ್ನು ಓದುತ್ತದೆ’ ಎಂಬ ವಿವರಣೆ ಸಹಜವಾಗಿ ಬಂದುಬಿಡುತ್ತದೆ. ಕ್ಯೂಟ್ ಬಳಸುವ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬೈಟನ್ನು ಹಿಡಿದಿಡುವ ಮಾಹಿತಿಯ ಬಗೆಗೆ ‘ಚಾರ್’ (ಕ್ಯಾರೆಕ್ಟರ್, ಅಂದರೆ ಅಕ್ಷರ ಎಂಬುದರ ಕಿರುರೂಪ) ಎಂಬ ಹೆಸರಿರುವುದು ಇದಕ್ಕೆ ಕಾರಣವಿರಬೇಕು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳೋಣ. ನಮ್ಮ ಲೆಕ್ಕದಲ್ಲಿ ಅದು ಕ, ನ್ನ, ಡ ಎಂಬ 3 ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಕ, ನ, ವಿರಾಮದ ಗುರುತು, ಮತ್ತೊಂದು ನ, ಡ ಎಂದು 5 ಸಂಕೇತಗಳು. ಪಠ್ಯವನ್ನು ಹಿಡಿದಿಡುವ ಕ್ಯೂಸ್ಟ್ರಿಂಗ್ ಎಂಬ ಕ್ಲಾಸು ಕೂಡ ತನ್ನ ಉದ್ದವನ್ನು 5 ಎಂದೇ ಹೇಳುತ್ತದೆ. ಸಂಕೇತಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಫೈಲಿಗೆ ಬರೆದಾಗ ಕನ್ನಡದ ಪ್ರತಿ ಸಂಕೇತವೂ 3 ಬೈಟು ತೆಗೆದುಕೊಳ್ಳುವುದರಿಂದ ಒಟ್ಟು 15 ಬೈಟುಗಳಾಗುತ್ತವೆ. ಈಗ ಕ್ಯೂಫೈಲಿನಿಂದ 9 ಬೈಟುಗಳನ್ನು ಓದಿದರೆ ‘ಕನ್’ ಎಂದು ಸಿಗುತ್ತದೆ: ಒತ್ತಕ್ಷರ ಒಡೆದಿದೆ, ಆದರೂ ಪಠ್ಯ ಕ್ರಮಬದ್ಧವಾಗಿದೆ. 10 ಬೈಟುಗಳನ್ನು ಓದಿದರೆ ಎರಡನೆಯ ನಕಾರದ ಮೂರರಲ್ಲಿ ಒಂದು ಭಾಗ ಮಾತ್ರ ಕೈಗೆ ಬರುತ್ತದೆ, ಅದನ್ನು ಅಲ್ಲಿಯೇ ಪಠ್ಯವಾಗಿ ಮಾರ್ಪಡಿಸಲು ಹೊರಟರೆ ಆ ಜಾಗದಲ್ಲಿ ಪ್ರಶ್ನಾರ್ಥಕ ಚೌಕವೋ ವಜ್ರಾಕೃತಿಯೋ ಕಾಣಿಸಿಕೊಳ್ಳುತ್ತದೆ. ದೊಡ್ಡ ಫೈಲುಗಳನ್ನು ತುಂಡುತುಂಡಾಗಿ ಓದುವ ಪ್ರೋಗ್ರಾಮುಗಳಲ್ಲಿ ಕನ್ನಡ ಪಠ್ಯ ಅಲ್ಲಲ್ಲಿ ಕೆಡುವುದಕ್ಕೆ ಇದು ಒಂದು ನಿಜವಾದ ಕಾರಣ. ಕ್ಯೂಟ್ 6ರಲ್ಲಿರುವ ಕ್ಯೂಸ್ಟ್ರಿಂಗ್‌ಡಿಕೋಡರ್ ಅರ್ಧಕ್ಕೆ ನಿಂತ ಬೈಟುಗಳನ್ನು ನೆನಪಿಟ್ಟುಕೊಂಡು ಮುಂದಿನ ತುಂಡಿನೊಂದಿಗೆ ಜೋಡಿಸುವುದರಿಂದ ಅಂಥ ಕಡೆ ಅದು ಉಪಯುಕ್ತ.

ಬೈಟುಗಳನ್ನು ಪಠ್ಯವಾಗಿಸಿ ಕೊಡುವ ಕ್ಯೂಟೆಕ್ಸ್ಟ್‌ಸ್ಟ್ರೀಮ್ ಕ್ಲಾಸಿನಲ್ಲೂ ರೀಡ್ ಎಂಬ ಅದೇ ಹೆಸರಿನ ಫಂಕ್ಷನ್ ಇದೆ, ಅಲ್ಲಿ ಕೊಡುವ ಸಂಖ್ಯೆ ಬೈಟುಗಳದ್ದಲ್ಲ, ಯುಟಿಎಫ್-16 ಎಂಬ ಇನ್ನೊಂದು ಪದ್ಧತಿಯ ಘಟಕಗಳದ್ದು. ಕನ್ನಡದ ಮಟ್ಟಿಗೆ ಒಂದು ಘಟಕವೆಂದರೆ ಒಂದು ಯೂನಿಕೋಡ್ ಸಂಕೇತ. ಹೀಗೆ ಎರಡು ಕಡೆಗಳಲ್ಲಿ ಎರಡು ಅಳತೆಗಳು, ಎರಡೂ ನಮ್ಮ ಅಕ್ಷರಕ್ಕೆ ಸಮವಲ್ಲ. ಆದ್ದರಿಂದ ‘ಬೈಟು’, ‘ಸಂಕೇತ’, ‘ಅಕ್ಷರ’ ಎಂಬ ಮೂರನ್ನು ಕಟ್ಟುನಿಟ್ಟಾಗಿ ಬೇರೆಬೇರೆ ಇಟ್ಟು, ಅಕ್ಷರ ಎಂಬುದನ್ನು ಓದುಗರು ಶಾಲೆಯಲ್ಲಿ ಕಲಿತ ಅರ್ಥದಲ್ಲಿ ಮಾತ್ರ ಬಳಸಬೇಕೆಂದು ನಾನು ಬಲವಾಗಿ ವಾದಿಸುತ್ತೇನೆ. ‘ಸಂಕೇತ’ ಎಂಬುದು ಸಂಜ್ಞೆ, ಗುರುತು ಎಂಬ ಅರ್ಥಗಳಲ್ಲೂ ಸವೆದಿರುವ ಪದ. ‘ಸಂಕೇತಬಿಂದು’ ಎಂದರೆ ಹೆಚ್ಚು ನಿಖರವಾದೀತೇ, ಇಲ್ಲವೇ ‘ಕೋಡ್‌ಪಾಯಿಂಟ್’ ಎಂದೇ ಬಿಡುವುದು ಲೇಸೇ?

‘ಪಠ್ಯವಾಗಿ ತೆರೆ’ ಎಂಬ ಮಾತೂ ಇದೇ ಬಗೆಯ ಭ್ರಮೆಯನ್ನು ಹುಟ್ಟಿಸುತ್ತದೆ. ತೆರೆಯುವಾಗ ಟೆಕ್ಸ್ಟ್ ಎಂಬ ರೀತಿಯನ್ನು ಸೇರಿಸಿದರೆ ಕನ್ನಡ ಲಿಪಿ ಸರಿಯಾಗಿ ಬರುತ್ತದೆ ಎಂದು ನಂಬುವವರಿದ್ದಾರೆ. ಆ ರೀತಿ ನೋಡಿಕೊಳ್ಳುವುದು ಸಾಲಿನ ಕೊನೆಯ ಗುರುತನ್ನು ಮಾತ್ರ: ಓದುವಾಗ ವಿಂಡೋಸ್ ಶೈಲಿಯ ಎರಡು ಬೈಟುಗಳ ಗುರುತನ್ನು ಒಂದಾಗಿಸುತ್ತದೆ, ವಿಂಡೋಸ್‌ನಲ್ಲಿ ಬರೆಯುವಾಗ ಒಂದನ್ನು ಎರಡಾಗಿಸುತ್ತದೆ. ಲಿಪಿಯ ಸಂಕೇತೀಕರಣವನ್ನು ನಿರ್ಧರಿಸುವುದು ಕ್ಯೂಟೆಕ್ಸ್ಟ್‌ಸ್ಟ್ರೀಮ್. ಕ್ಯೂಟ್ 5ರಲ್ಲಿ ಅದು ತಾನಾಗಿಯೇ ಕಂಪ್ಯೂಟರಿನ ಸ್ಥಳೀಯ ಹೊಂದಾಣಿಕೆಯನ್ನು ಅನುಸರಿಸುತ್ತಿತ್ತು. 2020ರಲ್ಲಿ ಬಂದ ಕ್ಯೂಟ್ 6ರಿಂದ ಯುಟಿಎಫ್-8 ಸಹಜ ಆಯ್ಕೆಯಾಗಿದೆ. ಆದ್ದರಿಂದ ‘ಸಾಲುಕೊನೆ ಹೊಂದಿಸಿ ತೆರೆ’ ಎಂಬ ಪ್ರಯೋಗವನ್ನು ಮುಂದಿಡುತ್ತಿದ್ದೇನೆ. ‘ಸಾಲನ್ನು ಓದು’ ಎಂಬಲ್ಲಿಯೂ ಒಂದು ಸೂಕ್ಷ್ಮವಿದೆ. ಕ್ಯೂಫೈಲಿನ ರೀಡ್‌ಲೈನ್ ಸಾಲಿನ ಕೊನೆಯ ಗುರುತನ್ನೂ ಸೇರಿಸಿ ಕೊಡುತ್ತದೆ, ಸ್ಟ್ರೀಮಿನ ರೀಡ್‌ಲೈನ್ ಅದನ್ನು ಬಿಟ್ಟು ಕೊಡುತ್ತದೆ. ‘ಕೊನೆಗುರುತು ಸಹಿತ’, ‘ಕೊನೆಗುರುತು ರಹಿತ’ ಎಂದು ಸೇರಿಸಿದರೆ ಸಾಕು.

‘ಸ್ಟ್ರೀಮ್’ ಎಂಬುದಕ್ಕೆ ‘ಹರಿವು’, ‘ಧಾರೆ’, ‘ಪ್ರವಾಹ’ ಎಂಬ ಸಲಹೆಗಳು ಹಿಂದೆಯೂ ಬಂದಿವೆ. ಪ್ರವಾಹವೆಂದರೆ ನೆರೆ ಎಂಬ ಅರ್ಥವೇ ಮುಂದಾಗುವುದರಿಂದ ಅದನ್ನು ಬಿಡಬಹುದು. ‘ಹರಿವು’ ಚೆಲುವಾದ ಪದವೇನೋ ಹೌದು, ಆದರೆ ಕ್ಯೂಟ್‌ನಲ್ಲಿ ಹರಿಯುವ ಗುಣ ನಿಜವಾಗಿ ಇರುವುದು ಪೈಪು, ನೆಟ್‌ವರ್ಕ್ ಸಂಪರ್ಕ ಮುಂತಾದ ಅನುಕ್ರಮ ಮೂಲಗಳಿಗೆ. ಅಲ್ಲಿ ಸೀಕ್ ಮಾಡಿ ಬೇಕಾದ ಸ್ಥಾನಕ್ಕೆ ನೆಗೆಯಲು ಬರುವುದಿಲ್ಲ. ಕ್ಯೂಟೆಕ್ಸ್ಟ್‌ಸ್ಟ್ರೀಮ್ ಬೈಟುಗಳನ್ನು ಪಠ್ಯಕ್ಕೂ ಪಠ್ಯವನ್ನು ಬೈಟುಗಳಿಗೂ ಮಾರ್ಪಡಿಸುವ ನಡುವಿನ ಪದರ, ಕ್ಯೂಡೇಟಾಸ್ಟ್ರೀಮ್ ಸಂಖ್ಯೆ, ದಿನಾಂಕ, ಪಟ್ಟಿಗಳಂಥವನ್ನು ದ್ವಿಮಾನ ರೂಪದಲ್ಲಿ ಜೋಡಿಸುವ ಪದರ. ಇವುಗಳಿಗೆ ‘ಹರಿವು’ ಎಂದರೆ ಮಾಡುವ ಕೆಲಸ ಮರೆಯಾಗುತ್ತದೆ. ಹಾಗಾಗಿ ‘ಸ್ಟ್ರೀಮ್’ ಅನ್ನು ಹಾಗೆಯೇ ಉಳಿಸಿ, ‘ಹರಿವು’ ಎಂಬುದನ್ನು ಅನುಕ್ರಮ ಮೂಲಗಳ ವಿವರಣೆಗೆ ಬಳಸುವುದು ಉಚಿತ.

ಇನ್ನು ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ. ರೈಟ್ ಫಂಕ್ಷನ್ ‘ಇಷ್ಟು ಬೈಟು ಬರೆದಿದ್ದೇನೆ’ ಎಂದು ವರದಿ ಮಾಡಿದಾಗ ಆ ಬೈಟುಗಳು ಬಹುಮಟ್ಟಿಗೆ ಕ್ಯೂಟ್‌ನ ಬಫರಿನಲ್ಲಿಯೇ, ಅಂದರೆ ಮೆಮೊರಿಯಲ್ಲಿನ ತಾತ್ಕಾಲಿಕ ಸಂಗ್ರಹದಲ್ಲಿಯೇ, ಇರುತ್ತವೆ. ಫ್ಲಶ್ ಫಂಕ್ಷನ್ ಅವುಗಳನ್ನು ಕಾರ್ಯಾಚರಣ ವ್ಯವಸ್ಥೆಯ ವಶಕ್ಕೆ ಕೊಡುತ್ತದೆ, ಡಿಸ್ಕಿನ ಮೇಲೆ ಅವು ನಿಜವಾಗಿ ಮೂಡುವುದು ಇನ್ನೂ ಸ್ವಲ್ಪ ತಡವಾಗಬಹುದು. ಫ್ಲಶ್‌ಗೆ ‘ಬಫರ್ ಖಾಲಿ ಮಾಡು’ ಎಂಬ ಅನುವಾದ ನನಗೆ ಅಪಾಯಕಾರಿಯಾಗಿ ತೋರುತ್ತದೆ, ಏಕೆಂದರೆ ಖಾಲಿ ಮಾಡುವುದೆಂದರೆ ಚೆಲ್ಲಿಬಿಡುವುದೂ ಆಗಬಹುದು. ‘ದಾಟಿಸು’ ಎಂದರೆ ಈ ಕಡೆಯಿಂದ ಆ ಕಡೆಗೆ ಹೋಯಿತು, ನಷ್ಟವಾಗಲಿಲ್ಲ ಎಂಬ ಎರಡೂ ಅರ್ಥಗಳು ಒಂದೇ ಪದದಲ್ಲಿ ಸಿಗುತ್ತವೆ, ಇನ್ನೂ ಗುರಿ ಮುಟ್ಟಿತೆಂಬ ಅತಿಯಾದ ಭರವಸೆಯನ್ನೂ ಅದು ಕೊಡುವುದಿಲ್ಲ. ‘ಮುಚ್ಚು’ ಎಂಬುದರೊಳಗೆ ಈ ದಾಟಿಸುವ ಕೆಲಸವೂ ಸೇರಿದೆ. ಆದರೆ ಮುಚ್ಚುವಾಗ ದಾಟಿಸುವಿಕೆ ವಿಫಲವಾದರೆ ಕ್ಲೋಸ್ ಫಂಕ್ಷನ್ ಆ ತಪ್ಪನ್ನು ಕಡೆಗಣಿಸುತ್ತದೆ. ಡಿಸ್ಕ್ ತುಂಬಿಹೋಗಿದ್ದರೂ ‘ಬರೆಯಿತು, ಮುಚ್ಚಿತು’ ಎಂಬ ಎರಡು ಕ್ರಿಯಾಪದಗಳನ್ನೇ ನಂಬಿದ ಪ್ರೋಗ್ರಾಮ್ ‘ಉಳಿಸಲಾಗಿದೆ’ ಎಂದು ಬಳಕೆದಾರರಿಗೆ ತೋರಿಸಬಲ್ಲದು. ಕನ್ನಡ ವಿವರಣೆಯಲ್ಲಿ ಬರೆ, ದಾಟಿಸು, ಮುಚ್ಚು ಈ ಮೂರೂ ‘ಉಳಿಸು’ ಎಂಬ ಒಂದೇ ಪದದಡಿ ಸೇರಿಹೋದರೆ ಈ ದೋಷವನ್ನು ಓದುಗರಿಗೆ ತೋರಿಸಲು ನಮ್ಮ ಬಳಿ ಮಾತೇ ಇರುವುದಿಲ್ಲ.

2013ರಲ್ಲಿ ಬಿಡುಗಡೆಯಾದ ಕ್ಯೂಟ್ 5.1ರಲ್ಲಿ ಸೇರಿದ ಕ್ಯೂಸೇವ್‌ಫೈಲ್ ಈ ಪದಗಳ ಅಂತರವನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ಅದು ಬರೆಯುವುದನ್ನೆಲ್ಲ ಮೊದಲು ಒಂದು ತಾತ್ಕಾಲಿಕ ಫೈಲಿಗೆ ಬರೆಯುತ್ತದೆ. ಕೊನೆಯಲ್ಲಿ ಕರೆಯುವ ಕಮಿಟ್ ಎಂಬ ಫಂಕ್ಷನ್ ಯಾವ ದೋಷವೂ ಇಲ್ಲದೆ ನೆರವೇರಿದಾಗ ಮಾತ್ರ ಅದನ್ನು ಮೂಲ ಫೈಲಿನ ಜಾಗಕ್ಕೆ ತಂದು ಕೂರಿಸುತ್ತದೆ. ಕಮಿಟ್ ಕರೆಯದಿದ್ದರೆ ಹೊಸ ಬರಹವೆಲ್ಲ ಬಿದ್ದುಹೋಗುತ್ತದೆ, ಹಳೆಯ ಫೈಲು ಮುಕ್ಕಾಗದೆ ಇರುತ್ತದೆ. ಇಲ್ಲಿ ಕ್ಲೋಸ್ ಕರೆಯುವಂತೆಯೇ ಇಲ್ಲ. ಕಮಿಟ್‌ಗೆ ‘ಬದ್ಧಗೊಳಿಸು’ ಎಂಬ ಪದ ಕೆಲವೆಡೆ ಇದೆ, ಅದು ವಚನಬದ್ಧತೆಯ ನೆನಪು ತರುತ್ತದೆ. ‘ಖಾಯಂ ಮಾಡು’ ಎಂಬುದು ಎಲ್ಲರೂ ಬಲ್ಲ ಮಾತು. ತಾತ್ಕಾಲಿಕ ಎಂಬುದರ ಎದುರಿಗೆ ನೇರವಾಗಿ ನಿಲ್ಲುತ್ತದೆ, ಇಲ್ಲಿ ಆಗುವುದೂ ಅದೇ. ಹಾಗೆ ನೋಡಿದರೆ ‘ಉಳಿಸು’ ಎಂಬುದನ್ನು ಬಳಕೆದಾರರ ಮಾತಾಗಿ ಮೆನುವಿಗೆ ಬಿಟ್ಟುಕೊಟ್ಟು, ಅದನ್ನು ನೆರವೇರಿಸಲು ಪ್ರೋಗ್ರಾಮ್ ಮಾಡಬೇಕಾದ ಕೆಲಸಗಳಿಗೆ ಬರೆ, ದಾಟಿಸು, ಮುಚ್ಚು, ಖಾಯಂ ಮಾಡು ಎಂಬ ಬೇರೆಬೇರೆ ಕ್ರಿಯಾಪದಗಳನ್ನು ಇಟ್ಟುಕೊಳ್ಳಬಹುದು.

ನನಗೆ ಉತ್ತರ ಹೊಳೆಯದೆ ಉಳಿದಿರುವುದು ‘ಡಿವೈಸ್’. ಫೈಲು, ನೆಟ್‌ವರ್ಕ್ ಸಂಪರ್ಕ, ಮೆಮೊರಿಯಲ್ಲಿರುವ ಬಫರು ಇವೆಲ್ಲಕ್ಕೂ ತಾಯಿಯಾದ ಕ್ಲಾಸಿಗೆ ಕ್ಯೂಟ್ ಕ್ಯೂಐಒಡಿವೈಸ್ ಎಂದು ಹೆಸರಿಟ್ಟಿದೆ. ‘ಸಾಧನ’ ಎಂದರೆ ಓದುಗರ ಕಣ್ಣಮುಂದೆ ಯಂತ್ರವೊಂದು ಬಂದು ನಿಲ್ಲುತ್ತದೆ, ‘ಆಕರ’ ಎಂದರೆ ಓದುವುದಕ್ಕೆ ಒಪ್ಪಿದರೂ ಬರೆಯುವುದಕ್ಕೆ ಒಪ್ಪುವುದಿಲ್ಲ, ‘ನೆಲೆ’ ಎಂದರೆ ಹರಿದುಹೋಗುವ ನೆಟ್‌ವರ್ಕ್ ಸಂಪರ್ಕಕ್ಕೆ ಹೊಂದುವುದಿಲ್ಲ. ಬೈಟುಗಳನ್ನು ಕೊಡಲೂ ಬಲ್ಲ, ಪಡೆಯಲೂ ಬಲ್ಲ ಯಾವುದೇ ವಸ್ತು ಎಂಬ ಅರ್ಥವನ್ನು ಹೊರಬಲ್ಲ ಪದ ನಿಮ್ಮ ಬಳಕೆಯಲ್ಲಿ ಇದ್ದರೆ, ಅದನ್ನು ಒಂದು ಮಾದರಿ ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ. ‘ದಾಟಿಸು’ ಮತ್ತು ‘ಖಾಯಂ ಮಾಡು’ಗಳ ಬಗ್ಗೆ ಆಕ್ಷೇಪಗಳಿದ್ದರೆ ಅವುಗಳನ್ನೂ ಕಾರಣಸಹಿತವಾಗಿ ಬರೆಯಿರಿ.