ಹಳೆಯ ಡಿಶ್: ಸ್ಟ್ರೆಂತ್ 80, ಕ್ವಾಲಿಟಿ 20 ದಾಟುತ್ತಿಲ್ಲ

ಪ್ರಶ್ನೆ:
ಪರಿಚಯದವರು ಮನೆ ಬದಲಿಸುವಾಗ ಬಿಟ್ಟುಹೋದ 60 ಸೆಂ.ಮೀ. ಡಿಶ್ ತಂದು ತಾರಸಿಯಲ್ಲಿ ಕೂರಿಸಿದ್ದೇನೆ. ಎರಡು ಭಾನುವಾರ ಅದನ್ನು ತಿರುಗಿಸುವುದರಲ್ಲೇ ಕಳೆಯಿತು. ಸೆಟ್‌ಟಾಪ್ ಬಾಕ್ಸ್ ತೋರಿಸುವ ಸಿಗ್ನಲ್ ಸ್ಟ್ರೆಂತ್ 80ರ ಆಸುಪಾಸು ಇದೆ, ಕ್ವಾಲಿಟಿ 20 ದಾಟುವುದಿಲ್ಲ. ಕೆಲವು ಚಾನೆಲ್‌ಗಳು ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತವೆ, ಕೆಲವು ಬರುವುದೇ ಇಲ್ಲ. ಎಲ್‌ಎನ್‌ಬಿ (ಡಿಶ್‌ನ ಮುಂದೆ ತೋಳಿನ ತುದಿಯಲ್ಲಿ ಅಲೆ ಹಿಡಿಯುವ ಭಾಗ) ಹೊಸದು. ಮಂಡಿನೋವಿನಿಂದ ಅಮ್ಮ ಮನೆ ಬಿಟ್ಟು ಹೊರಡುವುದಿಲ್ಲ, ಹಗಲೆಲ್ಲ ಟಿವಿಯೇ ಅವರಿಗೆ ಜೊತೆ. ಈ ಡಿಶ್ ಉಳಿಸಿಕೊಳ್ಳಬಹುದೇ?

ಉತ್ತರ 1:
ಸ್ಟ್ರೆಂತ್ ಅಂಕಿಯನ್ನು ಮರೆತುಬಿಡಿ. ಖಾಲಿ ಆಕಾಶಕ್ಕೆ ಮುಖ ಮಾಡಿದರೂ ಎಲ್‌ಎನ್‌ಬಿ ಗದ್ದಲವನ್ನೇ ಹಿಗ್ಗಿಸಿ ಕಳಿಸುತ್ತದೆ, ಬಾಕ್ಸ್ ಅದನ್ನೂ ಸ್ಟ್ರೆಂತ್ ಎಂದೇ ತೋರಿಸುತ್ತದೆ. ನೋಡಬೇಕಾದದ್ದು ಕ್ವಾಲಿಟಿ. ಕಂಬ ನೆಟ್ಟಗಿದೆಯೇ ಎಂದು ಮೊದಲು ರಸಮಟ್ಟ ಇಟ್ಟು ನೋಡಿ. ಆಮೇಲೆ ಕೂದಲೆಳೆಯಷ್ಟು ತಿರುಗಿಸಿ, ನಾಲ್ಕೈದು ಸೆಕೆಂಡು ಕಾಯಿರಿ. ಬಾಕ್ಸ್‌ನ ಅಂಕಿ ತಡವಾಗಿ ಬದಲಾಗುತ್ತದೆ.

ಉತ್ತರ 2:
ಹದಿನೆಂಟು ವರ್ಷದಿಂದ ಡಿಶ್ ಕೂರಿಸುವುದೇ ನನ್ನ ಕೆಲಸ. ಬಿಸಾಡುವ ಮಾತು ಈಗಲೇ ಬೇಡ.

ಕೈ ಬದಲಾಯಿಸಿದ ಡಿಶ್‌ನಲ್ಲಿ ನಾನು ಮೊದಲು ನೋಡುವುದು ಅದರ ಆಕಾರವನ್ನು. ಈ ಡಿಶ್‌ಗಳು ಹಿಡಿಯುವ ಕು ಬ್ಯಾಂಡ್ ಅಲೆಯ ಉದ್ದವೇ ಸುಮಾರು ಎರಡೂವರೆ ಸೆಂ.ಮೀ. ಬಟ್ಟಲು ಕೆಲವು ಮಿಲಿಮೀಟರ್ ತಿರುಚಿಕೊಂಡರೂ ಅಲೆಗಳು ಎಲ್‌ಎನ್‌ಬಿಯ ಬಾಯಲ್ಲಿ ಒಟ್ಟಿಗೆ ಸೇರುವುದಿಲ್ಲ. ಅಂಚಿನಿಂದ ಎದುರು ಅಂಚಿಗೆ ಎರಡು ದಾರಗಳನ್ನು ಅಡ್ಡಡ್ಡ ಬಿಗಿಯಾಗಿ ಕಟ್ಟಿ. ನಡುವೆ ಎರಡೂ ಸುಮ್ಮನೆ ಸೋಕಬೇಕು. ಸೋಕಿದರೆ ಕೆಳಗಿನ ದಾರವನ್ನು ಮೇಲೆ ಕಟ್ಟಿ ಇನ್ನೊಮ್ಮೆ ನೋಡಿ, ಒಂದನ್ನೊಂದು ಒತ್ತುತ್ತಿದ್ದರೆ ಆಗ ಗೊತ್ತಾಗುತ್ತದೆ. ಎಷ್ಟೋ ಬಾರಿ ಬಟ್ಟಲಿಗೆ ಪೆಟ್ಟೇ ಬಿದ್ದಿರುವುದಿಲ್ಲ, ಹಿಂದಿನ ಬ್ರಾಕೆಟ್‌ನ ಒಂದು ಬೋಲ್ಟ್ ಅತಿಯಾಗಿ ಬಿಗಿದು ಅದನ್ನು ಎಳೆದಿರುತ್ತದೆ. ಎಲ್‌ಎನ್‌ಬಿ ಹಿಡಿದಿರುವ ತೋಳೂ ಅದೇ ಡಿಶ್‌ನದ್ದಾಗಿರಬೇಕು. ಬೇರೆಯದನ್ನು ಜೋಡಿಸಿದ್ದರೆ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ಬರುವುದೇ ಇಲ್ಲ ಎಂದಿರಲ್ಲ, ಆ ಚಾನೆಲ್‌ಗಳೆಲ್ಲ ಹಾರಿಜಾಂಟಲ್ (ಅಡ್ಡಲಾಗಿ ಕಂಪಿಸುವ ಅಲೆಯಲ್ಲಿ ಬರುವಂಥವು; ನೆಟ್ಟಗೆ ಕಂಪಿಸಿದರೆ ವರ್ಟಿಕಲ್) ಆಗಿವೆಯೇ ನೋಡಿ. ಅದೇ ಕೇಬಲ್‌ನಲ್ಲಿ ಬಾಕ್ಸ್ ವರ್ಟಿಕಲ್‌ಗೆ 13 ವೋಲ್ಟ್, ಹಾರಿಜಾಂಟಲ್‌ಗೆ 18 ವೋಲ್ಟ್ ಕಳಿಸುತ್ತದೆ. ಕನೆಕ್ಟರ್‌ಗೆ ನೀರು ಇಳಿದು ಕಿಲುಬು ಹಿಡಿದರೆ ಆ 18 ದಾರಿಯಲ್ಲೇ ಕುಸಿಯುತ್ತದೆ, ಎಲ್‌ಎನ್‌ಬಿ ಅದನ್ನು 13 ಎಂದೇ ತಿಳಿಯುತ್ತದೆ. ಎಲ್‌ಎನ್‌ಬಿ ಕಡೆಯ ಕನೆಕ್ಟರ್ ಬಿಚ್ಚಿ. ಒಳಗಿನ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ. ಬಿಚ್ಚುವ ಮುನ್ನ ಬಾಕ್ಸ್‌ನ ವಿದ್ಯುತ್ ಪ್ಲಗ್ ತೆಗೆಯಿರಿ.

ಪ್ರಶ್ನೆ ಕೇಳಿದವರು:
ದಾರಗಳ ನಡುವೆ ಬೆರಳು ತೂರುವಷ್ಟು ಸಂದಿ ಇತ್ತು! ಬ್ರಾಕೆಟ್‌ನ ನಾಲ್ಕೂ ಬೋಲ್ಟ್ ಸಡಿಲಿಸಿ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿದೆ, ದಾರಗಳು ಸೋಕಿದವು. ದಿಕ್ಕನ್ನು ಹೊಸದಾಗಿ ಹಿಡಿದಾಗ ಕ್ವಾಲಿಟಿ 64. ಆದರೆ ಕಾಣೆಯಾಗಿದ್ದ ಚಾನೆಲ್‌ಗಳು ಆಗಲೂ ಇಲ್ಲ. ನೀವು ಹೇಳಿದಂತೆ ಅವೆಲ್ಲ ಹಾರಿಜಾಂಟಲ್. ಕನೆಕ್ಟರ್ ಬಿಚ್ಚಿದರೆ ಒಂದು ಹನಿ ನೀರು ಅಂಗೈ ಮೇಲೆ ಬಿತ್ತು, ಒಳಗಿನ ಹೆಣಿಗೆ ತಂತಿ ಪಾಚಿಯಂತೆ ಹಸಿರು. ಒಂದು ಗೇಣು ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ, ಎಲ್ಲವೂ ಬಂದವು.

ಉತ್ತರ 2:
ಬಹಳ ಸಂತೋಷ. ಎಲ್‌ಎನ್‌ಬಿಯ ಕೆಳಗೆ ಕೇಬಲ್ಲನ್ನು ಒಂದು ಬಳಸು ಜೋತಾಡುವಂತೆ ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಕನೆಕ್ಟರ್‌ಗೆ ನೀರು ತಡೆಯುವ ರಬ್ಬರ್ ಟೇಪ್ ಸುತ್ತಿ.

ಪ್ರಶ್ನೆ ಕೇಳಿದವರು:
ಎರಡನ್ನೂ ಮಾಡಿದೆ. ನಿನ್ನೆ ಸಂಜೆ ಜೋರು ಮಳೆಯಲ್ಲಿ ಕ್ವಾಲಿಟಿ 50ಕ್ಕೆ ಇಳಿದರೂ ಚಿತ್ರ ನಿಲ್ಲಲಿಲ್ಲ. ಅಮ್ಮ ನಿಮಗೆ ನಮಸ್ಕಾರ ತಿಳಿಸಲು ಹೇಳಿದ್ದಾರೆ.